ಮಹಾರಾಣಿಗೇ ಮೊದಲ ಪಾತ್ರೆ

ಕೈಗೆ ಏನನ್ನು ಕೊಟ್ಟರೂ ಆಕೆ ಅದನ್ನು ಒಮ್ಮೆ ಗಿರಕಿ ಹೊಡೆಸದೆ ಕುಡಿಯುವವಳಲ್ಲ. ಚಹಾವಾಗಲಿ, ಕೆಮ್ಮಿನ ಔಷಧವಾಗಲಿ, ಲೋಟವನ್ನು ಓರೆ ಮಾಡಿ, ಅಂಚಿಗೇರಿದ್ದು ನೀರಾಗಿ ಮರಳುತ್ತದೆಯೋ ಲೋಳೆಯಾಗಿ ಅಂಟುತ್ತದೆಯೋ ಎಂದು ನೋಡಿಯೇ ತುಟಿಗಿಡುವುದು. ಹಾಲಿನ ಸಂಘದ ಪರೀಕ್ಷಕಿ; ಬೆನ್ನ ಹಿಂದೆ ಎಲ್ಲರಿಗೂ 'ಕೆಚ್ಚಲಕ್ಕ'. ತೋಳಿನ ತುಂಬ ನೇರಳೆ ಕಲೆಗಳ ಹಳೆಯ ಕೋಟು. ಕೊಟ್ಟಿಗೆಗಳ ಗಿಡ್ಡ ಬಾಗಿಲುಗಳಿಗೆ ಬಗ್ಗಿ ಬಗ್ಗಿ ಬಯಲಲ್ಲೂ ತಲೆ ತಗ್ಗಿಸಿಯೇ ನಡೆಯುವ ನಡಿಗೆ. ಅದನ್ನು ವಿನಯವೆಂದುಕೊಂಡವರು ಆಕೆಯ ಬಾಯಿಗೆ ಸಿಕ್ಕವರಲ್ಲ.

ಕಾಣದ ರೋಗವನ್ನು ಕಾಣಿಸುವುದು ಆಕೆಯ ಕಸುಬು. ಕೆಚ್ಚಲಿಗೆ ಬಾವಿಲ್ಲ, ಹಾಲಿನಲ್ಲಿ ಗಡ್ಡೆಯಿಲ್ಲ, ಹಸು ಮೇವು ಬಿಟ್ಟಿಲ್ಲ. ಆದರೂ ಯಾವುದೋ ಒಂದು ಮೊಲೆಯೊಳಗೆ ಸೋಂಕು ಸದ್ದಿಲ್ಲದೆ ಸಂಸಾರ ಹೂಡಿರುತ್ತದೆ. ನಾಲ್ಕು ಬಟ್ಟಲಿನ ತಟ್ಟೆಗೆ ಮೊಲೆಗೊಂದರಂತೆ ಹಿಂಡಿ, ನೇರಳೆ ದ್ರಾವಣ ಬೆರೆಸಿ ತಿರುಗಿಸಿದರೆ ರೋಗದ ಹಾಲು ಮಾತ್ರ ಲೋಳೆಗಟ್ಟುತ್ತದೆ.

ಆಕೆಯ ಅಣ್ಣನ ಕೊಟ್ಟಿಗೆಯಲ್ಲಿ ಹಾಗೆ ಲೋಳೆಗಟ್ಟಿದ ದಿನ ನಾನೂ ಅಲ್ಲಿದ್ದೆ. ಹಸು, ಆ ಮನೆಯ ಮಹಾರಾಣಿ. ದಿನವೂ ಅದರ ಹಾಲನ್ನೇ ಮೊದಲು ಕರೆಯುವುದು ಅಲ್ಲಿನ ಮರ್ಯಾದೆ. ಅತ್ತಿಗೆ ಅದೇ ಒದ್ದೆ ಕೈಯಲ್ಲಿ ಮುಂದಿನದರ ಬುಡಕ್ಕೆ ಕೂರುವಳು.

"ಹಿಂದಿನ ಎಡಮೊಲೆ," ಎಂದಳು ಕೆಚ್ಚಲಕ್ಕ, ತಟ್ಟೆಯನ್ನು ಓರೆ ಮಾಡಿ.

"ನಿನ್ ಕಣ್ಣಿಗೆ ಯಾವ್ದು ತಾನೇ ನೆಟ್ಟಗೆ ಕಾಣುತ್ತೆ, ತಾಯಿ?" ಅಣ್ಣ ನಕ್ಕ. "ಹಾಲು ನೋಡು, ಹತ್ತಿ ಥರ ಇದೆ."

"ಬಿಳಿ ನೋಡೋಕೆ ನಾನ್ಯಾಕೆ ಬೇಕು? ಔಷಧಿ ಹಾಕ್ಸು. ವಾಸಿಯಾಗೋತನಕ ಇದನ್ನ ಕೊನೇಲಿ ಕರೀರಿ. ಅತ್ತಿಗೆ, ಕೈ ತೊಳ್ಕೊಂಡು ಇನ್ನೊಂದನ್ನ ಮುಟ್ಟಿ."

"ಹಿರೀಳನ್ನ ಕೊನೇ ಪಂಕ್ತೀಲಿ ಕೂರ್ಸಬೇಕಾ?" ಅತ್ತಿಗೆಯ ಮುಖ ಗಂಟಾಯಿತು. "ಇಷ್ಟು ದಿನ ನಾನೇ ಬಡಿಸಿದ್ದನ್ನ ಉಂಡೋಳು, ಈಗ ನನ್ನ ಕೈಯೇ ಕೊಳೆಯಾಯ್ತಾ?"

ಔಷಧಿ ಹಾಕಿಸಲಿಲ್ಲ, ಹಾಕಿಸಿದರೆ ಕೆಲವು ದಿನ ಆ ಹಾಲನ್ನು ಸಂಘಕ್ಕೆ ಹಾಕುವಂತಿಲ್ಲ, ನಾಲ್ಕು ಜನ ಯಾಕೆಂದು ಕೇಳುತ್ತಾರೆ. ಮಹಾರಾಣಿಯನ್ನು ಅಕ್ಕರೆಯಿಂದ ಮೊದಲೇ ಕರೆದರು. ಅದೇ ಅಕ್ಕರೆಯ ಕೈ ಸೋಂಕನ್ನು ಸಾಲಿನುದ್ದಕ್ಕೂ ಹಂಚಿತು. ಮಹಾರಾಣಿಯ ಎಡಮೊಲೆ ಕಲ್ಲಾಯಿತು. ಪಕ್ಕದ ಹಸುಗಳ ಕೆಚ್ಚಲೂ ಒಂದೊಂದಾಗಿ ಕೆಟ್ಟವು. ಉಳಿದದ್ದು ಅದರ ಮಗಳು, ಮೊದಲ ಸೂಲಿನ ಹಸು ಒಂದೇ.

ಅಣ್ಣ ಸಂಘದ ಜಗಲಿಯಲ್ಲಿ ಎಲ್ಲರ ಮುಂದೆ ಹೇಳಿದ: "ಇವಳ ತಟ್ಟೆ ಒಳಗೆ ಬರೋತನಕ ನಮ್ಮ ಕೊಟ್ಟಿಗೇಲಿ ರೋಗಾನೇ ಇರ್ಲಿಲ್ಲ." ಯಾರೂ ನಗಲಿಲ್ಲ. ಓದುಬರಹ ಬಲ್ಲ ಮಹನೀಯರೂ ತಲೆಯಾಡಿಸಿದರು. ಮರುದಿನದಿಂದ ಆಕೆಯನ್ನು ಕಂಡರೆ ಕೊಟ್ಟಿಗೆಗಳ ಅಗುಳಿ ಬೀಳತೊಡಗಿತು.

ಮೊನ್ನೆ ಬೆಳಿಗ್ಗೆ ಅಣ್ಣನ ಮುಚ್ಚಿದ ಬಾಗಿಲ ಮುಂದೆ ನಿಂತಿದ್ದಳು, ತಟ್ಟೆಯಿಲ್ಲದೆ, ಬರಿಗೈಯಲ್ಲಿ.

"ನಾನು ಒಳಗೆ ಬರಲ್ಲ, ಅತ್ತಿಗೆ. ಆ ಚಿಕ್ಕದನ್ನಾದ್ರೂ ಮೊದಲು ಕರೀರಿ."

ಒಳಗಿಂದ ದಿನದ ಮೊದಲ ಹಾಲು ಬರಿಪಾತ್ರೆಗೆ ಬೀಳುವ ಸದ್ದು, ಜೊತೆಗೆ ಅತ್ತಿಗೆಯ ಮುದ್ದಿನ ದನಿ: "ನಿಲ್ಲು ನನ್ನ ಮಹಾರಾಣಿ, ನಿಲ್ಲು." ಆಕೆ ಕೇಳಿಸಿಕೊಂಡಳು, ತಲೆ ತಗ್ಗಿಸಿ ಹೊರಟುಹೋದಳು.

ಇಂಥವರ ಮಾತು ತಪ್ಪಾದರೆ ನಾವು ಎರಡು ದಿನ ನಕ್ಕು ಮತ್ತೆ ಚಹಾಕ್ಕೆ ಕರೆಯುತ್ತೇವೆ. ಅವರು ಹೇಳಿದ್ದೇ ನಿಜವಾಯಿತೋ, ಅದನ್ನು ಮಾತ್ರ ಸಾಯುವತನಕ ಕ್ಷಮಿಸುವುದಿಲ್ಲ.