ಏಣಿಯ ಬುಡ ಹಿಡಿದವನು

ನನ್ನ ಗಂಡನೂ ಮೈದುನನೂ ಗೋಡೆಗೆ ಬಣ್ಣ ಬಳಿಯುವ ಕೆಲಸವನ್ನು ಜೊತೆಯಲ್ಲೇ ಕಲಿತವರು. ಅಣ್ಣ ಏಣಿ ಹತ್ತಿದರೆ ತಮ್ಮ ಬುಡ ಹಿಡಿಯಬೇಕು. ಮೇಲಿನವನು "ಇಳಿದೆ" ಎಂದು ಕೂಗುವವರೆಗೆ ಕೈ ತೆಗೆಯಬಾರದು. ನಮ್ಮವರದು ಹುಟ್ಟು ಆತುರ. ಅರ್ಧ ಏಣಿಯಲ್ಲಿರುವಾಗಲೇ "ಇಳಿದೆ" ಎಂದುಬಿಡುತ್ತಿದ್ದರು. ಒಂದು ಮಧ್ಯಾಹ್ನ ಹಾಗೇ ಕೂಗಿ, ಬಿದ್ದು, ಸೊಂಟ ಮುರಿದುಕೊಂಡರು. ಬುತ್ತಿ ತಂದು ಗೇಟಿನ ಬಳಿ ನಿಂತಿದ್ದ ನಾನು ಕಣ್ಣಾರೆ ಕಂಡೆ.

ಇವರ ನೆನಪಿನಲ್ಲಿ ಮಾತ್ರ ಆ ಕೂಗೇ ಇಲ್ಲ. ಮೊದಮೊದಲು ತಮ್ಮ ಕೈ ಬಿಟ್ಟ ಅನ್ನುತ್ತಿದ್ದರು. ಬರಬರುತ್ತಾ, ಬೀಡಿ ಹಚ್ಚಲು ಬಿಟ್ಟ ಎಂದಾಯಿತು. ಆಮೇಲೆ ನಗುತ್ತಲೂ ಇದ್ದ ಎಂದು ಸೇರಿತು. ಮೈದುನ ಜನ್ಮದಲ್ಲಿ ಬೀಡಿ ಮುಟ್ಟಿದವನಲ್ಲ.

ಈಗ ಇವರ ಕಣ್ಣು ಮಂಜಾಗಿದೆ. ನಮ್ಮದು ಮೂರನೇ ಮಹಡಿ. ಮೈದುನ ತನ್ನ ಮನೆಯ ಕೆಳಗಿನ ಎರಡು ಕೋಣೆ ಖಾಲಿ ಮಾಡಿಸಿ, ಅಲ್ಲೇ ಬಂದು ಇರಿ ಎಂದು ಕರೆಯಲು ಬಂದ. ಬಚ್ಚಲಿನ ಗೋಡೆಗೆ ಹಿಡಿಕೆ ಹಾಕಿಸಿದ್ದನಂತೆ. ಅಣ್ಣನಿಗೆ ಕಾಣಲಿ ಎಂದು ಹೊಸ್ತಿಲಿಗೆ ಹಳದಿ ಬಣ್ಣ ಬಳಿದಿದ್ದನಂತೆ. ಉಗುರಿನ ಸಂದಿಯಲ್ಲಿ ಅದು ಇನ್ನೂ ಇತ್ತು. ನನ್ನ ಮಂಡಿಗಳಂತೂ ಆಗಲೇ ಗಂಟುಮೂಟೆ ಕಟ್ಟಿದ್ದವು.

"ಬಾ ಅಣ್ಣ, ಕೈ ಹಿಡ್ಕೋ. ನಿಧಾನಕ್ಕೆ ಇಳಿಯೋಣ."

"ನಿನ್ನ ಕೈಯಾ? ಒಂದ್ಸಲ ನಂಬಿದ್ದಕ್ಕೇ ಸೊಂಟ ಇನ್ನೂ ಬಡ್ಡಿ ಕಟ್ತಾ ಇದೆ."

"ಹೋಗ್ಲಿ, ನಾನೇ ಬಿಟ್ಟೆ ಅಂತ್ಲೇ ಇಟ್ಕೋ. ಈಗ ಹಿಡೀತೀನಲ್ಲ."

"ಕೇಳಿದ್ಯೇನೇ? ಇಷ್ಟು ವರ್ಷಕ್ಕೆ ಕಳ್ಳ ಬಾಯಿಬಿಟ್ಟ!"

ನನಗೆ ತಡೆಯಲಾಗಲಿಲ್ಲ. "ಇಳಿದೆ ಅಂತ ಕೂಗಿದ್ದು ನೀವು. ನಾನು ಅಲ್ಲೇ ಇದ್ದೆ."

"ನೀನೆಲ್ಲಿದ್ದೆ? ತವರಿಗೆ ಹೋಗಿದ್ದೆ ಅವತ್ತು."

ಆಸ್ಪತ್ರೆಯ ದಾರಿಯುದ್ದಕ್ಕೂ ಅವರ ತಲೆ ನನ್ನ ತೊಡೆಯ ಮೇಲಿತ್ತು. ಅದನ್ನೂ ಹೇಳಿದೆ.

"ಅದು ಅಮ್ಮ," ಅಂದರು, ಒಂದು ಕ್ಷಣವೂ ಯೋಚಿಸದೆ.

ಮೈದುನ ನನ್ನ ಮುಖ ನೋಡಿ ತಲೆ ತಗ್ಗಿಸಿದ. ಹೋಗುವಾಗ, "ಇರ್ಲಿ ಬಿಡಿ ಅತ್ತಿಗೆ," ಎಂದು, ಬಾಗಿಲ ಬಳಿ ತುಂಬಿಟ್ಟಿದ್ದ ಕಸದ ಬುಟ್ಟಿಯನ್ನು ತಾನೇ ಎತ್ತಿಕೊಂಡು ಇಳಿದ.

ಅವನು ಎರಡು ತಿಂಗಳು ಕಾದ. ನಡುನಡುವೆ ಫೋನು ಮಾಡಿ, ಅಣ್ಣ ಒಪ್ಪಿದನಾ ಎಂದು ನನ್ನನ್ನು ಕೇಳಿದ. ಆಮೇಲೆ ಕೋಣೆಗಳನ್ನು ಬಾಡಿಗೆಗೆ ಕೊಟ್ಟ. ಸುದ್ದಿ ಕೇಳಿದ ದಿನ ಇವರು ಹೊಟ್ಟೆತುಂಬ ಉಂಡರು. "ಯಾರ ಹಂಗೂ ಇಲ್ಲ ನಮಗೆ. ಅದೇ ಸುಖ," ಅನ್ನುತ್ತಾರೆ. ಹೌದು, ಸುಖವಾಗಿಯೇ ಇದ್ದಾರೆ. ಹಾಲು, ಔಷಧಿ ತರಲು ದಿನಾ ಮೂರು ಮಹಡಿ ಇಳಿದು ಹತ್ತುವವಳು ನಾನು.