ಗಾಣದ ಮುಂದಿನ ಹುಂಜ

ನಮ್ಮ ಬೆಲ್ಲಕ್ಕೆ ಹಲಾಲ್ ಸರ್ಟಿಫಿಕೇಟು ಬೇಕೆಂದು ದುಬೈನ ವ್ಯಾಪಾರಿ ಮೊದಲ ಸಲ ಕೇಳಿದಾಗ ನನ್ನ ಗಂಡ ನಾಗರಾಜು ನಕ್ಕರು. "ಬೆಲ್ಲುಕ್ ಕತ್ತು ಎಲ್ಲಿದೆ ಕುಯ್ಯಾಕೆ?" ಎಂದರು. ಎರಡನೆಯ ಸಲ ಕೇಳಿದಾಗ ನಗಲಿಲ್ಲ. ಸೋಮನಹಳ್ಳಿಯ ಹೆದ್ದಾರಿ ಪಕ್ಕದ ನಮ್ಮ ಆಲೆಮನೆಯಲ್ಲಿ ಹೋದ ವರ್ಷದ ಅಚ್ಚುಬೆಲ್ಲ ಇನ್ನೂ ಮೂಟೆಗಳಲ್ಲಿ ಬೆವರುತ್ತ ಕೂತಿತ್ತು. ಈ ಆರ್ಡರು ಕೈತಪ್ಪಿದರೆ ಈ ವರ್ಷ ಒಲೆ ಹಚ್ಚುವುದೇ ಬೇಡ, ಆಲೆಮನೆಗೆ ಬೀಗ ಹಾಕೋಣ ಎಂದು ಅವರೇ ಹೇಳಿದ್ದರು. ಫೋನು, ಕಾಗದಪತ್ರವೆಲ್ಲ ನನ್ನ ಪಾಲಿಗೆ ಬಂದವು. ಎಂ.ಕಾಂ. ಓದಿದ ಸೊಸೆ ಇರುವ ಮನೆಯಲ್ಲಿ ಆಗದ ಕೆಲಸಗಳೆಲ್ಲ ಅವಳನ್ನೇ ಹುಡುಕಿಕೊಂಡು ಬರುತ್ತವೆ.

ತೊಂದರೆ ಇದ್ದದ್ದು ಬೆಲ್ಲದಲ್ಲಲ್ಲ. ಯುಗಾದಿಯ ಮಾರನೆಯ ದಿನ ಹೊಸತೊಡಕಿಗೆ ಹಲಾಲ್ ಮಾಂಸ ಯಾರೂ ತಿನ್ನಬಾರದು ಎಂದು ಮದ್ದೂರಿನಲ್ಲಿ ಚಳವಳಿ ನಡೆದಿತ್ತು. ಅದರ ಮುಂದಾಳು ನನ್ನ ಗಂಡ. ಆ ಉತ್ಸಾಹದಲ್ಲಿ ಅವರ ಕಡೆಯ ಹುಡುಗನೊಬ್ಬ ಒಂದೇ ಏಟಿಗೆ ಕಡಿಯುವ ಜಟ್ಕಾ ಮಾಂಸದ ಅಂಗಡಿಯನ್ನೂ ತೆರೆದ. ಎರಡು ಭಾನುವಾರ ಕುರಿಯ ಮುಂದೆ ಕಣ್ಣು ಮುಚ್ಚಿಕೊಂಡು ಮಚ್ಚೆತ್ತಿದ. ಮೂರನೆಯ ಭಾನುವಾರ ತನ್ನ ಮೊಬೈಲ್ ರೀಚಾರ್ಜ್ ಅಂಗಡಿಗೇ ವಾಪಸ್ಸು ಹೋದ. ಅಲ್ಲಿಂದಾಚೆ ನಮ್ಮ ಮನೆಯಲ್ಲಿ ಭಾನುವಾರವೆಂದರೆ ಮೊಟ್ಟೆ ಸಾರು. ಮೊಟ್ಟೆಯನ್ನು ಯಾರೂ ಕುಯ್ಯುವುದಿಲ್ಲವಾದ್ದರಿಂದ ಅದು ಯಾವ ಮತಕ್ಕೂ ಸೇರಿದ್ದಲ್ಲ ಎಂದು ತೀರ್ಮಾನವಾಗಿತ್ತು.

ನಾನು ಬೆಂಗಳೂರಿನ ಸರ್ಟಿಫಿಕೇಟು ಕಂಪನಿಗೆ ಫೋನು ಮಾಡಿ, ಬೆಲ್ಲಕ್ಕೂ ಕೊಡುತ್ತೀರಾ ಎಂದು ಅಂಜುತ್ತಲೇ ಕೇಳಿದೆ. ಆ ಕಡೆಯ ಹುಡುಗಿಗೆ ನನ್ನ ಅಂಜಿಕೆಯೇ ಅರ್ಥವಾಗಲಿಲ್ಲ. ಅವಳ ಪ್ರಕಾರ ಕೊಬ್ಬರಿ ಎಣ್ಣೆ ಹಲಾಲ್, ಬಿಸ್ಕತ್ತು ಹಲಾಲ್, ಮಾವಿನ ಉಪ್ಪಿನಕಾಯಿ, ನಿಪ್ಪಟ್ಟು, ರಾಗಿ ಹುರಿಹಿಟ್ಟು, ಕಾಯಿ ಹೋಳಿಗೆ ಎಲ್ಲ ಹಲಾಲ್. ಮಳವಳ್ಳಿ ಕಡೆಯವರೊಬ್ಬರ ಕೋಡುಬಳೆಗೆ ಹೋದ ವಾರವಷ್ಟೇ ಕೊಟ್ಟಿದ್ದರಂತೆ. ಇದನ್ನೆಲ್ಲ ನನ್ನ ಗಂಡನಿಗೆ ಹೇಳಿದೆ. ಅವರು ಮೀಸೆ ಸವರಿದರು.

"ಇದು ಎಕ್ಸ್‌ಪೋರ್ಟು. ಅದು ಧರ್ಮ. ಎಲ್ಡನ್ನೂ ಕಲಸ್ಬ್ಯಾಡ" ಎಂದರು.

ನಾನು ಕಲಸಲಿಲ್ಲ. ಅರ್ಜಿ ಹಾಕಿದೆ.

ತಪಾಸಣೆಗೆ ಬರುವವರಿಗೆ ಬೆಲ್ಲ ಬೇಯುವುದನ್ನು ಕಣ್ಣಾರೆ ತೋರಿಸಬೇಕಂತೆ. ಹಾಗಾಗಿ ಈ ಹಂಗಾಮಿನ ಮೊದಲ ಕೊಪ್ಪರಿಗೆಯನ್ನು ಅದೇ ದಿನಕ್ಕೆ ಇಟ್ಟುಕೊಂಡೆವು. ಕೊತ್ತತ್ತಿಯಿಂದ ಕಬ್ಬೂ ಬಂದು ಬಿತ್ತು. ಆಗ ಮಾದಯ್ಯ ಬಾಯಿ ತೆರೆದ. ಮಾದಯ್ಯ ನಮ್ಮ ಮಾವನವರ ಕಾಲದಿಂದಲೂ ಪಾಕ ನೋಡುವವನು. ಅವನು ಇಳಿಸು ಎಂದರೆ ಮಾತ್ರ ಕೊಪ್ಪರಿಗೆ ಇಳಿಯುತ್ತದೆ.

"ಹುಂಜ ತಂದ್ರಾ?" ಎಂದು ಕೇಳಿದ.

ಹಂಗಾಮಿನ ಮೊದಲ ದಿನ ಗಾಣದ ಮುಂದೆ ಹುಂಜ ಕುಯ್ಯದೆ ನಮ್ಮಲ್ಲಿ ಒಲೆ ಹಚ್ಚುವುದಿಲ್ಲ. ಅದನ್ನು ಕುಯ್ಯುತ್ತಿದ್ದವರು ಮದ್ದೂರು ಪೇಟೆಯ ಮಾಂಸದಂಗಡಿಯ ಪ್ಯಾರೇಜಾನ್. ಕಬ್ಬು ಕಡಿಯುವವರು, ಗಾಡಿಯ ಸಾಬರು, ಎಲ್ಲ ಜಾತಿಯವರೂ ಒಂದೇ ಸಾಲಿನಲ್ಲಿ ಕೂತು ಉಣ್ಣಲಿ ಎಂದು ಮಾವನವರು ಮಾಡಿಕೊಂಡಿದ್ದ ಏರ್ಪಾಡು ಅದು.

"ಈ ಸತಿ ಕೋಳಿ ಬ್ಯಾಡ ಮಾದಯ್ಯ, ತೆಂಗಿನ್ಕಾಯಿ ಒಡ್ಯವ" ಎಂದರು ನನ್ನ ಗಂಡ.

"ಒಡೀರಿ. ಒಲೇನೂ ನೀವೇ ಅಚ್ಕಳಿ."

"ಮನೇಲೇ ಕುಯ್ಸಿ ತಂದ್ಬುಡ್ತೀನಿ."

"ಬಚ್ಚಲಲ್ ಕುಯ್ದಿದ್ದು ಬಚ್ಚಲುಗ್ ಸೇರ್ತದೆ ಕಣಪ್ಪ. ಗಾಣುಕ್ಕೆಂಗ್ ಸೇರ್ತದೆ?"

ನಾನು ಕಂಪನಿಯವರು ಕಳಿಸಿದ್ದ ನಿಯಮಗಳನ್ನು ಮತ್ತೊಮ್ಮೆ ಓದಿದೆ. ಆವರಣದೊಳಗೆ ಪ್ರಾಣಿ ಕುಯ್ದರೆ ಅದು ಹಲಾಲ್ ಕ್ರಮದಲ್ಲೇ ಆಗಿರಬೇಕು ಎಂದಿತ್ತು. ಗಟ್ಟಿಯಾಗಿಯೇ ಓದಿದೆ. ನನ್ನ ಗಂಡ ಗೋಡೆ ನೋಡಿದರು, ಕಬ್ಬಿನ ರಾಶಿ ನೋಡಿದರು, ಕೊನೆಗೆ ನನ್ನನ್ನು ನೋಡಿದರು.

"ನೀನೇ ಓಗಿ ಪ್ಯಾರಣ್ಣನ್ನ ಕರ್ಕಂಡ್ ಬಾ. ನಾನ್ ಓದ್ರೆ ಜನ ನೋಡ್ತಾರೆ."

ನಾನು ಹೋದರೂ ಜನ ನೋಡುತ್ತಾರೆ. ಆದರೆ ಗಂಡಸು ಹೋದರೆ ಅದು ಚಳವಳಿಯ ಸೋಲು. ಹೆಂಗಸು ಹೋದರೆ ಬರೀ ಸಂಸಾರ.

ಪೇಟೆಯಲ್ಲಿ ಸ್ಕೂಟರು ನಿಲ್ಲಿಸುವ ಮುಂಚೆ ಮಾತನ್ನು ಮೂರು ಥರ ಜೋಡಿಸಿಕೊಂಡಿದ್ದೆ. ಕುರಿಯ ಕಾಲು ಸುಡುತ್ತಿದ್ದ ಪ್ಯಾರೇಜಾನ್ ತಲೆಯೆತ್ತಿದರು.

"ಏನ್ ದೀಪಿಕಮ್ಮ, ದಾರಿ ಗೀರಿ ತಪ್ತಾ?"

"ನಾಳೆ ಗಾಣದ ಪೂಜೆ. ಮಾದಯ್ಯ ನಿಮ್ಮನ್ನ ಕೇಳ್ತಿದ್ದ" ಎಂದೆ. ಮೂರರಲ್ಲಿ ಇದೇ ಕಡಿಮೆ ಅಪಾಯದ್ದು.

"ಮಾದಯ್ಯ ಕೇಳ್ದ, ಸರಿ. ನಿಮ್ ಯಜಮಾನ್ರು ಏನ್ ಕೇಳುದ್ರು?"

ನಾನು ಅವರ ಮಾಂಸ ಕತ್ತರಿಸುವ ಮರದ ಕೊರಡನ್ನೇ ನೋಡುತ್ತ ನಿಂತೆ. ಅವರಿಗೆ ನನ್ನ ಮೇಲೆ ಕರುಣೆ ಬಂದಿರಬೇಕು.

"ಓಗ್ಲಿ ಬುಡಿ, ಬತ್ತೀನಿ. ಹುಂಜ ಏನ್ ಮಾಡ್ತು ಪಾಪ. ಸರ್ಟಿಫಿಕೇಟಿಗೇ ಕರೀತಿರೋದು ಅಂತ ಗೊತ್ತು. ಊರ್ಗೇ ಗೊತ್ತು."

ಊರಿಗೇ ಗೊತ್ತು ಎಂಬ ಮಾತು ನನ್ನ ಸ್ಕೂಟರಿನ ಹಿಂದೆ ಕೂತು ಸೋಮನಹಳ್ಳಿವರೆಗೂ ಬಂತು. ಯಾರು ಹೇಳಿದ್ದು, ಎಷ್ಟು ಹೇಳಿದ್ದು ಎಂದು ಯೋಚಿಸುತ್ತಲೇ ಬೆಳಗಾಯಿತು.

ಮಧ್ಯಾಹ್ನ ಬರುತ್ತೇನೆ ಎಂದಿದ್ದ ಕಂಪನಿಯ ಪರೀಕ್ಷಕರು ಬೆಳಿಗ್ಗೆಯೇ ಬಂದರು. ಹೆದ್ದಾರಿ ಖಾಲಿ ಇತ್ತಂತೆ. ಹುಂಜವನ್ನು ಆಗಷ್ಟೇ ಕುಯ್ದಿದ್ದರು, ಗಾಣದ ಮುಂದಿನ ರಕ್ತ ಇನ್ನೂ ಹಸಿ. ಕಾರಿನಿಂದ ಇಳಿದವರ ಹೆಸರು ರಾಘವೇಂದ್ರ. ಹಣೆಯಲ್ಲಿ ಅಂಗಾರ, ಅಕ್ಷತೆ. ಒಂದು ಕೈಯಲ್ಲಿ ಸ್ಟೀಲಿನ ಊಟದ ಡಬ್ಬಿ, ಇನ್ನೊಂದರಲ್ಲಿ ಟ್ಯಾಬು.

"ನಮ್ಮೋರೇ ಕಣೆ" ಎಂದು ನನ್ನ ಗಂಡ ನನ್ನ ಕಿವಿಯಲ್ಲಿ ಹೇಳಿ ಉಸಿರು ಬಿಟ್ಟರು.

ಆ ಉಸಿರು ಟ್ಯಾಬು ತೆರೆಯುವವರೆಗೆ ಮಾತ್ರ ಬಾಳಿತು. ರಾಘವೇಂದ್ರ ನೊರೆ ಇಳಿಸಲು ಹಾಕುವ ಹರಳೆಣ್ಣೆ ಮೂಸಿದರು. ಬೆಂಡೆಯ ಲೋಳೆ, ಸುಣ್ಣ, ಅಚ್ಚಿನ ಮರ, ಒಂದೊಂದಕ್ಕೂ ಫೋಟೊ ತೆಗೆದರು. ಆಮೇಲೆ ರಕ್ತದ ಮುಂದೆ ಬಂದು ನಿಂತರು. ಈರುಳ್ಳಿಯನ್ನೂ ತಿನ್ನದ ಮನೆತನದವರಿರಬೇಕು. ಆದರೂ ಮುಖ ಸಿಂಡರಿಸಲಿಲ್ಲ.

"ಇದನ್ನ ಯಾರು ಮಾಡಿದ್ದು?"

ಪ್ಯಾರೇಜಾನ್ ಚೂರಿ ಹಿಡಿದ ಕೈಯೆತ್ತಿದರು.

"ಬಿಸ್ಮಿಲ್ಲಾ ಹೇಳಿದ್ರಾ?"

"ಅದ ಏಳ್ದೆ ನಂಗ್ ಕೈಯೇ ಓಡಲ್ಲ ಸ್ವಾಮಿ."

"ಸಂತೋಷ. ಯಾತಕ್ಕೋಸ್ಕರ ಕುಯ್ದದ್ದು?"

ಪ್ಯಾರೇಜಾನ್ ಮಾದಯ್ಯನನ್ನು ನೋಡಿದರು, ಮಾದಯ್ಯ ನನ್ನ ಗಂಡನನ್ನು ನೋಡಿದ.

"ಯಾಕೆ ಕೇಳ್ದೆ ಅಂದ್ರೆ, ದೇವರಿಗೋ ಯಂತ್ರಕ್ಕೋ ಬಲಿ ಅಂತಾದ್ರೆ, ಯಾರು ಕುಯ್ದಿದ್ರೂ ನಮ್ಮ ಮೌಲ್ವಿಗಳು ಒಪ್ಪೋದಿಲ್ಲ. ಊಟಕ್ಕೆ ಅಂತಾದ್ರೆ ಏನೂ ತೊಂದ್ರೆ ಇಲ್ಲ. ನೀವು ಏನು ಹೇಳ್ತೀರೋ ಅದನ್ನ ಬರ್ಕೊಳ್ತೀನಿ ಅಷ್ಟೆ."

ಇಷ್ಟು ವರ್ಷವೂ ಈ ಪ್ರಶ್ನೆಯನ್ನು ನಮ್ಮ ಆಲೆಮನೆಯಲ್ಲಿ ಯಾರೂ ಕೇಳಿರಲಿಲ್ಲ. ಪ್ಯಾರೇಜಾನ್ ಕೈಯಲ್ಲಿ ಕುಯ್ದರೆ ಸಾಬರಿಗೂ ಆಯಿತು, ಗಾಣದ ಮುಂದೆ ಕುಯ್ದರೆ ಗಾಣಕ್ಕೂ ಆಯಿತು ಎಂದುಕೊಂಡು ಎಲ್ಲರೂ ಚೆನ್ನಾಗಿ ಉಂಡಿದ್ದರು. ಮಾದಯ್ಯ ನಿಜ ಹೇಳಲು ಗಂಟಲು ಸರಿಮಾಡಿಕೊಂಡ. ಗಾಣಕ್ಕೆ ಎಂದು ಅವನು ಒಂದು ಮಾತು ಅಂದರೆ ಆರ್ಡರು ಅಲ್ಲಿಗೆ ಮುಗಿಯುತ್ತಿತ್ತು. ನಾನು ನನ್ನ ಗಂಡನ ಮುಖ ನೋಡಿದೆ.

"ಊಟುಕ್ಕೇ ಸಾರ್" ಎಂದರು. "ನನ್ನೂಟುಕ್ಕೆ."

"ತಾವು ಹಲಾಲನ್ನೇ ತಿನ್ನೋದೇ?"

"ಇವತ್ತು ಅದೇಯ."

ರಾಘವೇಂದ್ರ ಬರೆದುಕೊಂಡರು. ಮಾದಯ್ಯ ಕೈಯಲ್ಲಿದ್ದ ಬೆಂಕಿಪೊಟ್ಟಣವನ್ನು ಒಲೆಯ ಕಟ್ಟೆಯ ಮೇಲಿಟ್ಟು ಟವೆಲು ಕೊಡವಿದ.

"ನಿನ್ನೂಟುಕ್ ಅಂದ್ಮೇಕೆ ಗಾಣುಕ್ಕೆಲ್ ಬಂತು? ಇನ್ನೊಂದ್ ಹುಂಜ ತರಸಪ್ಪ."

ಇನ್ನೊಂದು ಹುಂಜ ತರಿಸಿದರೆ ಇನ್ನೊಂದು ಸಲ ಅದೇ ಪ್ರಶ್ನೆ. ಪ್ಯಾರೇಜಾನ್ ಮಾದಯ್ಯನ ತೋಳು ಹಿಡಿದು ಕಬ್ಬಿನ ರಾಶಿಯ ಹಿಂದಕ್ಕೆ ಎಳೆದುಕೊಂಡು ಹೋದರು. ನಾನು ನೀರು ತರುವ ನೆಪದಲ್ಲಿ ಅಲ್ಲೇ ನಿಂತೆ.

"ಲೇ ಮಾದಯ್ಯ, ಅವ್ರು ಏಳಿದ್ದು ಬೆಂಗ್ಳೂರ್ಗೆ ಕಣ್ಲಾ. ರಕ್ತ ಬಿದ್ದಿದ್ದೆಲ್ಲಿ?"

"ಗಾಣದ್ ಮುಂದೆ."

"ಗಾಣ ಏನಾರ ಆ ಟ್ಯಾಬ್ ಓದ್ತದಾ?"

ಮಾದಯ್ಯ ಯೋಚಿಸಿದ. "ಓದಕಿಲ್ಲ."

"ಮತ್ತೆ? ಓಗ್ ಒಲೆ ಅಚ್ಚು. ನಂಗೂ ಅಂಗ್ಡಿ ತೆಗೀಬೇಕು."

ಒಲೆ ಹತ್ತಿತು. ಕಬ್ಬಿನ ಹಾಲು ಕೊಪ್ಪರಿಗೆಗೆ ಬಿತ್ತು, ಕುದಿಯಿತು, ಕೆಂಪಾಯಿತು. ರಾಘವೇಂದ್ರ ಪ್ರತಿಯೊಂದು ಹಂತಕ್ಕೂ ಫೋಟೊ ತೆಗೆದರು. ಮೊದಲ ಅಚ್ಚು ಮಗುಚುವ ಹೊತ್ತಿಗೆ ನಾನು ಮುದ್ದೆ ಕಟ್ಟಿ, ಕೋಳಿ ಸಾರು ಇಳಿಸಿದ್ದೆ.

ಊಟಕ್ಕೆ ಎಂದು ಬರೆದುಕೊಂಡ ಮೇಲೆ ಊಟವನ್ನು ನೋಡದೆ ಹೋಗಲಾಗುವುದಿಲ್ಲವಂತೆ. ರಾಘವೇಂದ್ರ ದೂರದಲ್ಲಿ ಚಾಪೆ ಹಾಕಿಸಿಕೊಂಡು, ಡಬ್ಬಿಯ ಮೊಸರನ್ನ ಬಿಚ್ಚಿ, ಪಕ್ಕದಲ್ಲಿ ಟ್ಯಾಬು ಇಟ್ಟುಕೊಂಡರು. ನನ್ನ ಗಂಡ ಬಾಳೆಲೆಯ ಮುಂದೆ ಕೂತರು. ಹಲಾಲ್ ಮಾಡಿದ ಕೋಳಿ ನಾಲಿಗೆಗೆ ಸಪ್ಪೆ, ಮೈಗೆ ಆಗುವುದಿಲ್ಲ ಎಂದು ಅವರು ಭಾಷಣಗಳಲ್ಲಿ ಹೇಳುತ್ತಿದ್ದುದನ್ನು ನಾನು ಬಲ್ಲೆ. ಕೆಲವನ್ನು ತಿದ್ದಿ ಕೊಟ್ಟವಳೂ ನಾನೇ. ಅವರು ಮೊದಲ ತುಂಡನ್ನು ಔಷಧಿಯ ಹಾಗೆ ಬಾಯಿಗಿಟ್ಟರು. ಎರಡನೆಯದನ್ನು ಸ್ವಲ್ಪ ನಿಧಾನವಾಗಿ. ಆಮೇಲೆ ಹೆದ್ದಾರಿಯನ್ನು ನೋಡುವುದನ್ನು ಬಿಟ್ಟು ಎಲೆಯನ್ನು ನೋಡತೊಡಗಿದರು.

"ಸಾರ್ ಬುಡೆ" ಎಂದರು. ಮತ್ತೆ, ಯಾರಿಗೂ ಕೇಳದ ಹಾಗೆ, "ಕಾಲಿದ್ರೆ ಆಕು."

ಹಾಕಿದೆ. ಇಷ್ಟು ದಿನದ ಮೊಟ್ಟೆ ಸಾರಿನ ಸಿಟ್ಟನ್ನು ಅವರು ಆ ಕಾಲಿನ ಮೇಲೆ ತೀರಿಸಿಕೊಂಡರು.

"ಕೊನೇ ಪ್ರಶ್ನೆ" ಎಂದರು ರಾಘವೇಂದ್ರ, ಎಡಗೈ ಬೆರಳಿಂದ ಟ್ಯಾಬು ಸರಿಸುತ್ತ. "ಕುಯ್ದವರೂ ಇದನ್ನೇ ಊಟ ಮಾಡ್ತಾರೆ ಅಂತ ಹಾಕ್ಲೇ?"

ಅಂಗಡಿ ತೆಗೆಯಬೇಕು ಎಂದಿದ್ದರೂ ಇನ್ನೂ ಹೊರಡದೆ, ನಲ್ಲಿಯ ಹತ್ತಿರ ಚೂರಿಯನ್ನು ಮತ್ತೊಮ್ಮೆ ತೊಳೆಯುತ್ತಿದ್ದ ಪ್ಯಾರೇಜಾನ್ ತಿರುಗಿ ನೋಡದೆಯೇ ಹೇಳಿದರು.

"ಕರುದ್ರೆ ಉಣ್ತೀನಿ."

ಎಲೆ ಹಾಕಿದ್ದು ಒಂದೇ ಎಂದು ನನಗೆ ಆಗ ಕಂಡಿತು. ರಾಘವೇಂದ್ರರ ಬೆರಳು ಟ್ಯಾಬಿನ ಮೇಲೆ ನಿಂತಿತ್ತು. ಮಾದಯ್ಯ ಅಚ್ಚು ಮಗುಚುವುದನ್ನು ನಿಲ್ಲಿಸಿದ. ಹೆದ್ದಾರಿ ಬದಿಯ ಟೀ ಅಂಗಡಿಯ ಬೆಂಚಿನಲ್ಲಿ ಕೂತಿದ್ದವರು ಹೊಸತೊಡಕಿಗೆ ನನ್ನ ಗಂಡನ ಜೊತೆ ಬ್ಯಾನರು ಹಿಡಿದಿದ್ದವರೇ. ಅವರ ಕತ್ತುಗಳೂ ಈ ಕಡೆಗಿದ್ದವು.

"ಬಾ ಪ್ಯಾರಣ್ಣ" ಎಂದರು ನನ್ನ ಗಂಡ, ಎಲೆಗೆ ಹೇಳುವ ಹಾಗೆ.

"ಕೇಳುಸ್ನಿಲ್ಲ ಗೌಡ್ರೆ. ನೀರ್ ಬುಟ್ಟಿವ್ನಿ."

ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತಿತ್ತು. ನನ್ನ ಗಂಡ ಬಾಯಲ್ಲಿದ್ದುದನ್ನು ನುಂಗಿದರು. ಬೆಂಚನ್ನು ಒಮ್ಮೆ, ರಾಘವೇಂದ್ರರ ಬೆರಳನ್ನು ಒಮ್ಮೆ ನೋಡಿದರು.

"ಪ್ಯಾರಣ್ಣ, ಊಟುಕ್ ಬಾ ಅಂದೆ. ಬಂದ್ ಕೂತ್ಕ."

ಬೆಂಚಿನವರೆಗೂ ಕೇಳಿತು. ಪ್ಯಾರೇಜಾನ್ ನಲ್ಲಿ ನಿಲ್ಲಿಸಿ, ಕೈ ಒರೆಸಿಕೊಂಡು ಬಂದರು. ನಾನು ಇನ್ನೊಂದು ಎಲೆ ಹಾಕಿದೆ. ಸ್ವಲ್ಪ ದೂರ ಹಾಕಬೇಕೇ ಎಂದು ಕೈ ತಡೆಯಿತು. ಆಮೇಲೆ ನನ್ನ ಗಂಡನ ಎಲೆಗೆ ತಾಗುವಷ್ಟು ಹತ್ತಿರವೇ ಹಾಸಿದೆ. ಅವರು ತಮ್ಮ ಎಲೆಯನ್ನು ಒಂದು ಗೇಣು ಸರಿಸಿಕೊಂಡು ಜಾಗ ಬಿಟ್ಟರು.

ರಾಘವೇಂದ್ರ ಹೌದು ಎಂದು ಒತ್ತಿದರು.