ಗೋರಿಗಳ ನಡುವೆ ದೊಡ್ಡಮ್ಮನ ಡೈಲಾಗು

ಪದವಿ ಮುಗಿಸಿ ಮನೆಯಲ್ಲಿ ಕೂತಿದ್ದ ನನಗೆ ಆ ಕೆಲಸ ಕೊಡಿಸಿದವಳು ದೊಡ್ಡಮ್ಮ. "ಬಾಯಿ ಬಿಡದೆ ಇರೋ ಹುಡುಗಿ ಬೇಕಂತೆ ಕಣೇ. ನಿನಗೇ ಹೇಳಿ ಮಾಡಿಸಿದ ಹಾಗಿದೆ," ಎಂದಳು. ಸ್ಮಶಾನದಲ್ಲಿ ರಾತ್ರಿ ಹೊತ್ತು ಸಿನಿಮಾ ತೆಗೆಯುತ್ತಿದ್ದರು. ಅದರಲ್ಲಿ ದೊಡ್ಡಮ್ಮನದು ಸತ್ತವಳ ಪಾತ್ರ. ನನ್ನದು ಟಾರ್ಚ್ ಹಿಡಿಯುವ ಕೆಲಸ.

ಇದಕ್ಕೂ ಒಬ್ಬಳು ಬೇಕೇ ಎಂದು ಮನೆಯಲ್ಲಿ ಎಲ್ಲರೂ ನಕ್ಕರು. ಬೇಕಿತ್ತು. ಏಕೆಂದರೆ ನಮ್ಮ ನಿರ್ದೇಶಕರು ಚಿತ್ರೀಕರಣದ ಹೊತ್ತಿನಲ್ಲಿ ತುಟಿ ಎರಡು ಮಾಡುತ್ತಿರಲಿಲ್ಲ. 'ಕಟ್' ಎಂದು ಕೂಗುವುದಂತೂ ಅವರಿಗೆ ಆಗದು. "ಕಟ್ ಅಂದ ತಕ್ಷಣ ಸತ್ತವರ ಮುಖಕ್ಕೆ ಜೀವ ಬಂದ್ಬಿಡುತ್ತೆ. ಆ ಜೀವ ನಂಗೆ ಬೇಡ," ಎನ್ನುತ್ತಿದ್ದರು. ತಲೆಯ ಮೇಲೊಂದು ಬಿಳಿ ಟೋಪಿ. ಅದನ್ನು ಮುಟ್ಟಿಕೊಂಡರೆ ಶುರು, ತೆಗೆದರೆ ಮುಗಿಯಿತು. ದೂರದಲ್ಲಿದ್ದ ನಟರಿಗೆ ಕತ್ತಲೆಯಲ್ಲಿ ಟೋಪಿ ಕಾಣುವುದೆಲ್ಲಿ? ಹಾಗಾಗಿ ನಾನು ಅವರ ಪಕ್ಕದಲ್ಲೇ ಒಂದು ಗೋರಿಯ ಮರೆಗೆ ಕೂತು, ಟಾರ್ಚಿನ ಬಾಯಿಗೆ ಬಣ್ಣದ ಕಾಗದ ಹಿಡಿದು ಸುದ್ದಿ ಮುಟ್ಟಿಸುತ್ತಿದ್ದೆ. ಕೆಂಪು ಕಂಡರೆ ಶುರು, ಕಾಗದವಿಲ್ಲದ ಬರೀ ಬೆಳಕು ಕಂಡರೆ ಮುಗಿಯಿತು. ಹಸಿರು ಮಾತ್ರ ದೊಡ್ಡಮ್ಮನೊಬ್ಬಳಿಗೇ ಮೀಸಲು. ಹಸಿರು ಕಂಡಾಗ ಅವಳು ತನ್ನ ಡೈಲಾಗು ಹೇಳಬೇಕು.

ಇಡೀ ಸಿನಿಮಾದಲ್ಲಿ ಇದ್ದದ್ದೇ ಅದೊಂದು ಮಾತು: "ನನ್ನನ್ನ ಊಟಕ್ಕೆ ಯಾಕೆ ಎಬ್ಬಿಸಲಿಲ್ಲ?"

ಸಿನಿಮಾದ ಕಥೆ ಕೇಳಬೇಡಿ. ಗೋರಿಗಳ ನಡುವೆ ಒಂದು ಲಿಫ್ಟಿನ ಬಾಗಿಲು ನಿಂತಿದೆ. ಬಾಗಿಲಷ್ಟೇ, ಅದರ ಹಿಂದೆ ಬರೀ ಹುಲ್ಲು. ಅದು ತೆರೆದುಕೊಂಡು ಸತ್ತವರು ಒಬ್ಬೊಬ್ಬರಾಗಿ ಹೊರಗೆ ಬಂದು, ಬಿಳಿ ಬಟ್ಟೆ ಹಾಸಿದ ಉದ್ದನೆಯ ಮೇಜಿನ ಸುತ್ತ ಕೂರುತ್ತಾರೆ. ಎದುರಿಗೆ ಖಾಲಿ ತಟ್ಟೆಗಳು. ಪಕ್ಕದ ಗೋರಿಯ ಮೇಲೆ ದೀಪ ಹಚ್ಚಿಟ್ಟ ಮೀನಿನ ತೊಟ್ಟಿ. ಮೀನು ಆ ಕಡೆಯಿಂದ ಈ ಕಡೆಗೆ ಹೋಗುತ್ತದೆ.

"ಆಮೇಲೇನಾಗುತ್ತೆ ಸಾರ್?" ಎಂದು ಕೇಳಿದವನು ಅಂಚೆಯಣ್ಣ. ಕೆಲಸದಿಂದ ನಿವೃತ್ತನಾಗಿ ಈಗ ಸತ್ತವನ ಪಾತ್ರಕ್ಕೆ ಬಂದಿದ್ದ.

ನಿರ್ದೇಶಕರು ತುಂಬಾ ಹೊತ್ತು ಯೋಚಿಸಿ, "ಮೀನು ಈ ಕಡೆಯಿಂದ ಆ ಕಡೆಗೆ ಹೋಗುತ್ತೆ," ಎಂದರು.

ಅವರ ಬೆನ್ನ ಹಿಂದೆ ನಾವೆಲ್ಲ ಅವರನ್ನು ಬಸವನಹುಳು ಎನ್ನುತ್ತಿದ್ದೆವು. ಪ್ರೀತಿಯಿಂದಲೇ.

ದೊಡ್ಡಮ್ಮನಿಗೆ ಕಥೆಯ ಗೊಡವೆ ಇರಲಿಲ್ಲ, ಡೈಲಾಗೊಂದಿದ್ದರೆ ಸಾಕಿತ್ತು. ಮನೆಯ ಮುಂದಿನ ಕೋಣೆಯೇ ಅವಳ ಹೊಲಿಗೆ ಅಂಗಡಿ. ಚಿಕ್ಕವಳಿದ್ದಾಗಿನಿಂದ ನಾಟಕದ ಹುಚ್ಚು. ಆದರೆ ಸಿಕ್ಕಿದ ಪಾತ್ರಗಳು ಒಮ್ಮೆ ಮರ, ಒಮ್ಮೆ ಬಾಗಿಲು, ಒಮ್ಮೆ ರಾಜನ ಹಿಂದೆ ಬೆನ್ನು ತಿರುಗಿಸಿ ನಿಂತ ಸೈನಿಕ. "ಮರ ಚೆನ್ನಾಗಿ ಮಾಡ್ದೆ ಅಂತ ಹೊಗಳಿದ್ರು ಕಣೇ. ಹೊಗಳಿಸ್ಕೊಂಡ ಮರ ಏನ್ ಮಾಡಬೇಕು? ನಿಂತೇ ಇರಬೇಕು," ಎನ್ನುವಳು. ಹಾಗಾಗಿ ಈ ಡೈಲಾಗು ಸಿಕ್ಕಿದ್ದೇ ತಡ, ಮಿಷನ್ ತುಳಿಯುತ್ತ ಹಗಲಿಡೀ ಅದನ್ನೇ ಹೇಳುತ್ತಿದ್ದಳು. ಒಮ್ಮೆ ಅಳುತ್ತ, ಒಮ್ಮೆ ಗದರುತ್ತ. ಅಳತೆ ಕೊಡಲು ಬಂದವರೂ ಪಾಠಕ್ಕೆ ಕೂತರು. "'ಯಾಕೆ' ಅನ್ನೋದನ್ನ ಸ್ವಲ್ಪ ಎಳೀರಿ ಅಕ್ಕಾ," ಎಂದ ಕ್ಷೌರದಂಗಡಿಯವನನ್ನು, "ನೀನು ಗಡ್ಡ ಎಳಿ ಸಾಕು," ಎಂದು ಓಡಿಸಿದಳು. ಅವನೂ ನಮ್ಮ ಸತ್ತವರಲ್ಲೊಬ್ಬ.

ಕೊನೆಯ ರಾತ್ರಿ ಬಂತು. ಬೆಳಗಾದರೆ ಲಿಫ್ಟಿನ ಬಾಗಿಲು ಬಿಚ್ಚಬೇಕು, ಬಾಡಿಗೆಯ ದೀಪಗಳು ವಾಪಸ್ಸು ಹೋಗಬೇಕು. ಉಳಿದಿದ್ದುದು ಊಟದ ಮೇಜಿನ ಒಂದೇ ದೃಶ್ಯ, ಅದನ್ನೂ ಎಲ್ಲೂ ನಿಲ್ಲಿಸದೆ ಒಂದೇ ಉಸಿರಿನಲ್ಲಿ ತೆಗೆಯಬೇಕು. ಸತ್ತವರೆಲ್ಲ ತಮ್ಮ ತಮ್ಮ ಕಸುಬಿನ ವಸ್ತು ಹಿಡಿದು ಬರಬೇಕಿತ್ತು. ದೊಡ್ಡಮ್ಮ ಅರ್ಧ ಹೊಲಿದ, ಒಂದೇ ತೋಳಿನ ಕೋಟನ್ನು ಮಡಿಲಲ್ಲಿಟ್ಟುಕೊಂಡು ಮುಖಕ್ಕೆ ಬಿಳಿ ಪುಡಿ ಬಳಿಸಿಕೊಳ್ಳುತ್ತಿದ್ದಳು. "ಸಾಯೋಕೂ ಪುರುಸೊತ್ತಿಲ್ಲ ಅಂತಿದ್ದೆ. ಈಗ ನೋಡು, ಕರೆದು ಕೂರಿಸಿ ಸಾಯಿಸ್ತಿದಾರೆ."

ಆಗ ನಿರ್ದೇಶಕರು ನಿಧಾನವಾಗಿ ನಡೆದು ಬಂದು, ನನ್ನ ಕೈಯಲ್ಲಿದ್ದ ಕಾಗದಗಳನ್ನು ನೋಡಿ, "ಹಸಿರು ಬೇಡ," ಎಂದರು.

"ಅಂದ್ರೆ?" ಎಂದಳು ದೊಡ್ಡಮ್ಮ.

"ಮಾತು ಬೇಡಮ್ಮಾ. ಈ ದೃಶ್ಯಕ್ಕೆ ಮೌನ ಸಾಕು. ಮೌನ ಬಂಗಾರ."

"ನಂಗೆ ಬೆಳ್ಳೀನೇ ಸಾಕು ಸಾರ್."

ಅವರು ನಗಲಿಲ್ಲ, ಒಪ್ಪಲೂ ಇಲ್ಲ. ದೊಡ್ಡಮ್ಮ ಎದ್ದು ನಿಂತಳು. ಅಷ್ಟು ಬೇಗ ಅವಳು ಸೋಲೊಪ್ಪಿದ್ದನ್ನು ನಾನು ನೋಡಿಯೇ ಇರಲಿಲ್ಲ. ಕೋಟಿನ ಇಲ್ಲದ ತೋಳನ್ನು ಸರಿಮಾಡಿಕೊಳ್ಳುತ್ತ ಹೋಗಿ ಲಿಫ್ಟಿನ ಹಿಂದೆ ನಿಂತಳು. 'ಸಾರ್, ಅವಳಿಗೆ ಅದೊಂದೇ ಮಾತಿದೆ' ಎಂದು ನಾನು ಹೇಳಬೇಕಿತ್ತು. ವಾಕ್ಯ ಸಿದ್ಧವಾಗಿಯೇ ಇತ್ತು. ಗಂಟಲಿನವರೆಗೆ ಬಂದು ಎಂದಿನಂತೆ ಅಲ್ಲೇ ಕೂತುಬಿಟ್ಟಿತು. ಹಸಿರು ಕಾಗದ ಮಡಚಿ ಜೇಬಿಗೆ ಹಾಕಿಕೊಂಡೆ.

ನಿರ್ದೇಶಕರು ಟೋಪಿ ಮುಟ್ಟಿಕೊಂಡರು. ನಾನು ಕೆಂಪು ತೋರಿಸಿದೆ.

ಲಿಫ್ಟು ತೆರೆಯಿತು. ಅಂಚೆಯಣ್ಣ ಚೀಲ ಹೊತ್ತು ಬಂದ, ಕ್ಷೌರದಂಗಡಿಯವ ಕನ್ನಡಿ ಹಿಡಿದು ಬಂದ, ದೊಡ್ಡಮ್ಮ ಕೋಟಿನೊಂದಿಗೆ ಬಂದಳು. ಕೂತರು. ಮೀನು ಆ ಕಡೆಯಿಂದ ಈ ಕಡೆಗೆ ಹೋಯಿತು. ಗಾಳಿಗೆ ಮೇಜಿನ ಬಟ್ಟೆಯ ಅಂಚು ಎದ್ದು ಬಿತ್ತು. ನಿಜಕ್ಕೂ ಚೆನ್ನಾಗಿತ್ತು, ಕಣ್ಣು ಕೀಳಲಾಗದಷ್ಟು. ನಾನು ಟೋಪಿಗಾಗಿ ಕಾದೆ. ಟೋಪಿ ಅಲುಗಲಿಲ್ಲ. ಇನ್ನೂ ಕಾದೆ.

ನನ್ನ ಪಕ್ಕದಲ್ಲೇ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದ ಸೌಂಡಕ್ಕನ ಕಣ್ಣು ಇದ್ದಕ್ಕಿದ್ದಂತೆ ಅರಳಿತು. ಏನೋ ಅಪರೂಪದ ಸದ್ದು ಸಿಕ್ಕಿದವಳಂತೆ ಕೈಯಲ್ಲಿದ್ದ ಮೈಕಿನ ಕೋಲನ್ನು ಮೆಲ್ಲಗೆ ಈ ಕಡೆಗೆ ತಿರುಗಿಸಿದಳು. ನಾನೂ ಕಿವಿಗೊಟ್ಟೆ. ನೆಲದೊಳಗಿನಿಂದ ಯಾರೋ ಮರ ಕೊಯ್ಯುತ್ತಿರುವಂತೆ, ಆಳವಾದ, ಸಮಾಧಾನದ ಸದ್ದು. ನೆಲದೊಳಗಿನಿಂದಲ್ಲ. ಟೋಪಿಯ ಕೆಳಗಿನಿಂದ.

ಬಸವನಹುಳು ನಿದ್ದೆ ಹೋಗಿದ್ದರು.

ಯಾರಿಗೂ ಗೊತ್ತಾಗದಿದ್ದುದರಲ್ಲಿ ಆಶ್ಚರ್ಯವೇನಿಲ್ಲ. ಅವರು ಎಚ್ಚರವಿದ್ದು ನಿರ್ದೇಶಿಸುವಾಗಲೂ ಹಾಗೆಯೇ ಕೂತಿರುತ್ತಿದ್ದರು, ಕುರ್ಚಿಯಲ್ಲಿ ಗಲ್ಲ ಎದೆಗೆ ತಾಗಿಸಿ. ಕ್ಯಾಮೆರಾದವನ ಕಣ್ಣು ಕ್ಯಾಮೆರಾದಲ್ಲಿ ನೆಟ್ಟಿತ್ತು. ಸತ್ತವರು ನನ್ನ ಟಾರ್ಚಿನ ಕಡೆಗೆ ಕಣ್ಣಿಟ್ಟು, ಬೆಳಕು ಬರುವ ತನಕ ಅಲ್ಲಾಡಬಾರದೆಂಬ ಕಟ್ಟಳೆಗೆ ಕಟ್ಟುಬಿದ್ದು ಕೂತಿದ್ದರು. ಕ್ಷೌರದಂಗಡಿಯವನ ಮೂಗಿನ ಮೇಲೆ ಸೊಳ್ಳೆ ಕೂತಿತ್ತು. ಪಾಪ, ಸತ್ತವನು ಸೊಳ್ಳೆ ಹೊಡೆಯುವ ಹಾಗಿಲ್ಲ.

ಅವರನ್ನು ಎಬ್ಬಿಸಬಹುದಿತ್ತು. ಬರೀ ಬೆಳಕು ತೋರಿಸಿ ಮುಗಿಸಲೂಬಹುದಿತ್ತು. ಆದರೆ ಆ ಹೊತ್ತಿಗೆ ನನ್ನ ಕಣ್ಣು ದೊಡ್ಡಮ್ಮನ ಮೇಲೆ ಬಿತ್ತು. ಅವಳ ತುಟಿ ಸದ್ದಿಲ್ಲದೆ ಅಲುಗುತ್ತಿತ್ತು.

ನನ್ನ ಕೈ ಜೇಬಿಗೆ ಹೋಯಿತು. ಮಡಿಕೆ ಬಿಡಿಸಿ, ಟಾರ್ಚಿನ ಬಾಯಿಗೆ ಹಸಿರು ಹಿಡಿದೆ.

ದೊಡ್ಡಮ್ಮ ಮೊದಲು ನಂಬಲಿಲ್ಲ. ಹುಬ್ಬೇರಿಸಿದಳು. ನಾನು ಟಾರ್ಚನ್ನು ಇನ್ನಷ್ಟು ಮೇಲೆತ್ತಿದೆ. ಆಗ ಅವಳು ಖಾಲಿ ತಟ್ಟೆಯನ್ನು ನೋಡಿದಳು, ಸುತ್ತ ಕೂತವರನ್ನು ನೋಡಿದಳು. ಅಳಲಿಲ್ಲ, ಗದರಲಿಲ್ಲ. ಮಧ್ಯಾಹ್ನದ ನಿದ್ದೆಯಿಂದ ಎದ್ದು ಬಂದವಳ ಹಾಗೆ, ಸ್ವಲ್ಪ ಮುನಿಸಿಕೊಂಡು ಕೇಳಿದಳು:

"ನನ್ನನ್ನ ಊಟಕ್ಕೆ ಯಾಕೆ ಎಬ್ಬಿಸಲಿಲ್ಲ?"

ಆಮೇಲೆ ಅಂಚೆಯಣ್ಣ, ಒಂದಕ್ಷರವೂ ಇಲ್ಲದ ಪಾತ್ರದವನು, ತಡೆಯಲಾರದೆ ಅಂದುಬಿಟ್ಟ: "ಎಬ್ಬಿಸಿದ್ವಲ್ಲ ತಾಯಿ! ನೀನೇ ಏಳ್ಲಿಲ್ಲ."

"ಹೀಗೆ ಮೆತ್ತಗೆ ಎಬ್ಬಿಸಿದ್ರೆ ಯಾರು ಏಳ್ತಾರೆ? ಬಾಗಿಲು ಬಡೀಬೇಕಿತ್ತು."

"ಬಡಿಯೋಕೆ ನಿನ್ನ ಬಾಗಿಲು ಕಲ್ಲಿಂದು," ಎಂದು ಕ್ಷೌರದಂಗಡಿಯವ ಸೊಳ್ಳೆಯನ್ನು ಪಟ್ಟನೆ ಹೊಡೆದ.

"ಉಳಿಸಿದ್ದೀರೋ ಇಲ್ವೋ ಏನಾದ್ರೂ?"

"ತಟ್ಟೆ ಉಳಿದಿದೆ. ಬೇಕಾದ್ರೆ ತೊಳಿ," ಎಂದ ಅಂಚೆಯಣ್ಣ.

ಅಷ್ಟರಲ್ಲಿ ನಿರ್ದೇಶಕರಿಗೆ ಎಚ್ಚರವಾಗಿತ್ತು. ಟೋಪಿಗೆ ಕೈ ಹೋಯಿತು. ತೆಗೆಯಲಿಲ್ಲ. ಕಣ್ಣುಜ್ಜಿಕೊಂಡು ಮೇಜಿನತ್ತ ನೋಡಿದರು, ನನ್ನ ಕೈಯ ಹಸಿರನ್ನು ನೋಡಿದರು, ಮತ್ತೆ ಮೇಜಿನತ್ತ ತಿರುಗಿದರು. ಸತ್ತವರ ಜಗಳ ಮುಗಿದು, ಎಲ್ಲರೂ ಸುಮ್ಮನಾಗಿ, ಮೀನು ಇನ್ನೊಂದು ಸುತ್ತು ಹೋಗಿ ಬಂದ ಮೇಲಷ್ಟೇ ಟೋಪಿ ಕೆಳಗಿಳಿಯಿತು.

"ಹಸಿರು ತೋರಿಸಿದ್ದು ಯಾರು?" ಎಂದರು.

ಅದು ನನ್ನ ಕೈಯಲ್ಲೇ ಇತ್ತು, ಆದರೂ ಕೇಳಿದರು. ಎಲ್ಲರೂ ನನ್ನತ್ತ ತಿರುಗಿದರು. ಅಷ್ಟು ಜನ ಒಟ್ಟಿಗೆ ನನ್ನನ್ನು ನೋಡಿದ್ದು ಅದೇ ಮೊದಲು.

"ನಾನು ಸಾರ್. ನೀವು ನಿದ್ದೆ ಮಾಡ್ತಿದ್ರಿ. ದೊಡ್ಡಮ್ಮಂಗೆ ಅದೊಂದೇ ಮಾತು ಇದ್ದಿದ್ದು."

"ನಾನಾ? ನಿದ್ದೆನಾ?"

"ಅಯ್ಯೋ ದೇವರೇ!" ಸೌಂಡಕ್ಕ ಹೆಡ್‌ಫೋನ್ ಕಿತ್ತಳು. "ಆ ಸದ್ದು ನಿಮ್ದಾ ಸಾರ್? ನಾನು ಯಾವುದೋ ಗೂಬೆ ಅಂದ್ಕೊಂಡು ಮೈಕು ತಿರುಗಿಸಿ ಹಿಡಿದೆ!"

ಗೋರಿಗಳ ನಡುವೆ ನಗೆಯೆದ್ದಿತು. ನಿರ್ದೇಶಕರು ನಗದೆ ಹೆಡ್‌ಫೋನ್ ತೆಗೆದುಕೊಂಡು ಮೊದಲಿನಿಂದ ಕೇಳಿದರು. ಕೇಳುತ್ತ ಕೇಳುತ್ತ ಅವರ ಕಿವಿ ಕೆಂಪಾಯಿತು. "ಈ ಗೊರಕೆ ತೆಗೀಬಹುದಾ?"

"ಈ ಅಮ್ಮನ ಮಾತಿನ ಮೇಲೇ ಕೂತಿದೆ ಸಾರ್. ಗೊರಕೆ ತೆಗೆದ್ರೆ ಮಾತೂ ಹೋಗುತ್ತೆ. ಇಟ್ರೆ ಎರಡನ್ನೂ ಇಡಬೇಕು."

ದೊಡ್ಡಮ್ಮ ಕೋಟನ್ನು ಬಿಗಿಯಾಗಿ ಹಿಡಿದು ನಿಂತಿದ್ದಳು. "ಇಟ್ಕೊಳ್ಳಿ ಸಾರ್," ಎಂದಳು ಸಣ್ಣ ದನಿಯಲ್ಲಿ. "ಸ್ಮಶಾನ ಅಲ್ವಾ? ಒಳಗೆ ಯಾರೋ ನೆಮ್ಮದಿಯಾಗಿ ಮಲಗಿದಾರೆ ಅಂದ್ಕೋತಾರೆ. ನಿಮ್ದು ಅಂತ ನಾವ್ಯಾರೂ ಬಾಯಿ ಬಿಡಲ್ಲ."

"ನಾನು ಬಿಡ್ತೀನಿ," ಎಂದ ಅಂಚೆಯಣ್ಣ.

ನಿರ್ದೇಶಕರು ಯೋಚಿಸಿದರು. ಅವರ ಯೋಚನೆ ಗೊತ್ತಲ್ಲ. ಮೊದಲ ಹಕ್ಕಿ ಕೂಗಿತು, ಲಿಫ್ಟಿನ ಬಾಗಿಲ ಹಿಂದೆ ಆಕಾಶ ಬೂದು ಬಣ್ಣಕ್ಕೆ ತಿರುಗಿತು, ಕಾವಲುಗಾರ ಬಂದು ಗೇಟಿನ ಬೀಗ ತೆಗೆದ. ಆಮೇಲೆ, "ಇರಲಿ," ಎಂದರು. ಸ್ವಲ್ಪ ತಡೆದು, "ನಾನು ಇಷ್ಟು ಚೆನ್ನಾಗಿ ಬರೆದಿರಲಿಲ್ಲ," ಎಂದರು.

ದೊಡ್ಡಮ್ಮ ಕೇಳಿಸಿಕೊಳ್ಳಲಿಲ್ಲ. ಅಷ್ಟರಲ್ಲಾಗಲೇ ಹೆಡ್‌ಫೋನ್ ಕಸಿದು ತನ್ನ ಕಿವಿಗೆ ಹಾಕಿಕೊಂಡಿದ್ದಳು. "ಅಯ್ಯೋ, ನನ್ನ ದನಿ ಇಷ್ಟು ದಪ್ಪಾನಾ!" ಎಂದು ಬೈದುಕೊಂಡು, ಇನ್ನೊಮ್ಮೆ ಹಾಕಿಸಿಕೊಂಡಳು. ಮತ್ತೂ ಒಮ್ಮೆ. ಆಮೇಲೆ ಪಕ್ಕದ ಗೋರಿಯ ಮೇಲೆ ನನ್ನನ್ನು ಎಳೆದು ಕೂರಿಸಿ, ಹೆಡ್‌ಫೋನಿನ ಒಂದು ಬದಿಯನ್ನು ನನ್ನ ಕಿವಿಗೆ ಒತ್ತಿ ಹಿಡಿದಳು.

ಗೊರಕೆ, ಅವಳ ಮಾತು, ಅಂಚೆಯಣ್ಣನ ಉತ್ತರ, ಸೊಳ್ಳೆಯ ಸಾವು. ಅದರ ಬೆನ್ನಿಗೇ, ತೀರಾ ಹತ್ತಿರದಿಂದ, ಯಾರೋ ಹುಡುಗಿ ಜೋರಾಗಿ ನಕ್ಕ ಸದ್ದು. ತಡೆದುಕೊಳ್ಳಲು ನೋಡಿ ಸೋತು, ಮತ್ತೆ ನಕ್ಕ ಸದ್ದು.

"ಇದ್ಯಾರೇ?" ಎಂದಳು ದೊಡ್ಡಮ್ಮ.

ಅದು ನನ್ನದೇ ನಗು ಎಂದು ನನಗೂ ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ಅದು ಯಾರ ಮಾತಿನ ಮೇಲೂ ಬಿದ್ದಿಲ್ಲ, ತೆಗೀಬಹುದು. ತೆಗೀಲಾ?" ಎಂದಳು ಸೌಂಡಕ್ಕ.

"ಬೇಡ ಅಕ್ಕಾ," ಎಂದೆ.